ನಾನು ಕೊಡದ ಕೂದಲು

ನನ್ನ ಅಣ್ಣನ ಎಲ್ಲ ಸಂದರ್ಶನಗಳಲ್ಲೂ ಒಂದು ಕತೆ ಬರುತ್ತದೆ. ಯಾವ ಚಾನೆಲ್ಲಿನವರು ಕರೆದರೂ ಸರಿ, ಮಾತು ಬಾಲ್ಯದ ಕಡೆ ತಿರುಗಿದ ಕೂಡಲೇ ಅವನು ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿ, ತನ್ನ ಆ ಪ್ರಸಿದ್ಧ ಗೊಗ್ಗರು ದನಿಯಲ್ಲಿ ಶುರುಮಾಡುತ್ತಾನೆ.

“ನಾನು ಹುಟ್ಟಿನಿಂದಲೇ ಕೂದಲಿಲ್ಲದವನು. ಕುವೈತಿನಲ್ಲಿ ನಾವು ಚಿಕ್ಕವರಿದ್ದಾಗ ನನ್ನ ತಂಗಿ ತನ್ನ ಉದ್ದ ಜಡೆಯನ್ನು ಕತ್ತರಿಸಿ ನನಗೆ ಕೊಟ್ಟಳು. ಅದು ನನ್ನ ಮೊದಲ ವಿಗ್. ನಾನು ನಟ ಆದದ್ದು ಅಲ್ಲಿಂದ.”

ಸಂದರ್ಶನ ಮಾಡುವ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಾಳೆ. ಇಂಥ ತಂಗಿ ಎಲ್ಲರಿಗೂ ಸಿಗಲಿ ಎಂದು ವಿಡಿಯೋದ ಕೆಳಗೆ ಜನ ಬರೆಯುತ್ತಾರೆ. ದೆವ್ವ, ಹೆಣ, ಹಾಳು ಬಂಗಲೆಯ ಕಾವಲುಗಾರ ಇವೇ ಪಾತ್ರಗಳನ್ನು ಮಾಡುತ್ತ ಬಂದವನ ಬಾಯಲ್ಲಿ ಇಷ್ಟು ಮೃದುವಾದ ಕತೆ ಬಂದರೆ ಯಾರು ಕರಗುವುದಿಲ್ಲ? ಆ ತಂಗಿ ನಾನು, ಮತ್ತು ನಾನು ಕರಗುವುದಿಲ್ಲ. ಶಾಲೆಯಲ್ಲಿ ನಮಗೆ ಚರ್ಚೆ ಕಲಿಸುತ್ತಿದ್ದ ಟೀಚರ್ ಹೇಳುತ್ತಿದ್ದರು: ಎದುರಾಳಿಯ ದೊಡ್ಡ ಮಾತಿಗೆ ಕೈ ಹಾಕಬೇಡಿ, ಅದಕ್ಕೆ ಅವನು ಕಾವಲು ಇಟ್ಟಿರುತ್ತಾನೆ, ಅವನು ಲಕ್ಷ್ಯವಿಲ್ಲದೆ ದಾಟಿಹೋದ ಚಿಕ್ಕ ಸಂಗತಿಯನ್ನು ಹಿಡಿಯಿರಿ. ಸರಿ, ಹಿಡಿಯುತ್ತೇನೆ. ಈ ಕತೆಯಲ್ಲಿ ಜಡೆ ನಿಜ, ಕತ್ತರಿ ನಿಜ, ವಿಗ್ ನಿಜ. ನಾನು ಕೊಟ್ಟದ್ದು ಮಾತ್ರ ಸುಳ್ಳು.

ಸುಳ್ಳು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿಗೆ ಬರಬೇಕು. ಎರಡು ಕೋಣೆ, ಒಂದು ಹಾಲ್. ಅಪ್ಪನಿಗೆ ಮೀನಾ ಅಬ್ದುಲ್ಲಾದ ತೈಲ ರಿಫೈನರಿಯಲ್ಲಿ ಒಂದು ಕಾಂಟ್ರಾಕ್ಟ್ ಕಂಪೆನಿಯ ಕೆಲಸ. ಬೆಳಕು ಹರಿಯುವ ಮೊದಲೇ ಕಂಪೆನಿ ಬಸ್ಸು ಕೆಳಗೆ ಬಂದು ನಿಲ್ಲುತ್ತಿತ್ತು. ಅಪ್ಪನದು ಕುಂದಾಪುರದ ಕನ್ನಡ, ಅಮ್ಮ ಮಂಗಳೂರಿನ ತುಳುವಿನವಳು. ಒಬ್ಬರ ಮಾತನ್ನು ಇನ್ನೊಬ್ಬರು ಕಲಿಯುವ ಗೋಜಿಗೆ ಹೋಗದೆ, ಇಬ್ಬರೂ ನಡುವಿನ ಒಂದು ಕನ್ನಡದಲ್ಲಿ ಸಂಸಾರ ಮಾಡಿದರು. ಮಕ್ಕಳು ನಾವಿಬ್ಬರು ಅದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆವು. ಜಗಳಕ್ಕೆ ಮಾತ್ರ ನಾನು ಕನ್ನಡಕ್ಕೆ ಬರುತ್ತಿದ್ದೆ, ಏಕೆಂದರೆ ಇಂಗ್ಲಿಷಿನಲ್ಲಿ ಜಗಳವಾಡಿದರೆ ಅಮ್ಮ ಅರ್ಥವಾಗದವಳ ಹಾಗೆ ಸೊಪ್ಪು ಹೆಚ್ಚುತ್ತ ಕೂರುತ್ತಿದ್ದಳು.

ಅಣ್ಣ ಪ್ರದೀಪನಿಗೆ ಹುಟ್ಟಿನಿಂದ ಒಂದು ಅಪರೂಪದ ಕಾಯಿಲೆ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂದು ಡಾಕ್ಟರು ಹೇಳಿದ ಹೆಸರನ್ನು ಅಮ್ಮ ಒಮ್ಮೆಯೂ ಬಾಯಿಗೆ ತರಲಿಲ್ಲ. ಅವಳ ಪಾಲಿಗೆ ಅದು ‘ದೀಪುವಿನ ಸೆಕೆ’. ಅವನ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ತಲೆ, ಹುಬ್ಬು, ರೆಪ್ಪೆ ಎಲ್ಲೂ ಕೂದಲಿಲ್ಲ. ಇದ್ದ ನಾಲ್ಕಾರು ಹಲ್ಲುಗಳು ಮೊಳೆಯ ಹಾಗೆ ಚೂಪು. ಗಂಟಲು ಸದಾ ಒಣಗಿರುವುದರಿಂದ ಆ ದನಿ. ಬೆವರದ ಮೈ ತಾನಾಗಿ ತಣಿಯುವುದಿಲ್ಲ, ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರೂ ಕೆಂಡದ ಹಾಗೆ ಕಾಯುತ್ತದೆ. ಅಂಥ ಹುಡುಗ ಬೆಳೆಯಬೇಕಾಗಿ ಬಂದದ್ದು ಕುವೈತಿನ ಬೇಸಗೆಯಲ್ಲಿ. ಪಾಪ, ಎಷ್ಟು ಕಷ್ಟಪಟ್ಟಿರಬೇಕು ಎಂದು ಸಂದರ್ಶನಗಳಲ್ಲಿ ಲೊಚಗುಟ್ಟುತ್ತಾರೆ. ಹೊರಗೆ ಪಟ್ಟಿದ್ದಾನೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯೊಳಗೆ ಅವನು ರಾಜನಾಗಿದ್ದ. ಏಸಿಯ ಗಾಳಿ ನೇರವಾಗಿ ಬೀಳುವ ಕಡೆ ಅವನ ಮಂಚ. ಫ್ರೀಜರಿನಲ್ಲಿ ಬಂಗುಡೆ ಮೀನಿನ ಪೊಟ್ಟಣಗಳ ಪಕ್ಕದಲ್ಲಿ ಅವನ ಒದ್ದೆ ಬನಿಯನ್‌ಗಳು ಮಡಿಸಿ ಇಟ್ಟಿರುತ್ತಿದ್ದವು. ಹೆಪ್ಪುಗಟ್ಟಿದ ಬನಿಯನ್ ಒಂದನ್ನು ಅಮ್ಮ ರೊಟ್ಟಿಯ ಹಾಗೆ ಬಿಡಿಸಿ ಅವನಿಗೆ ತೊಡಿಸುವುದನ್ನು ನೋಡುತ್ತ ನಾನು ನನ್ನ ಸಮವಸ್ತ್ರಕ್ಕೆ ನಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದೆ. ಶಾಲೆಯ ಬಸ್ಸಿನಲ್ಲಿ ತಂಪು ಗಾಳಿ ಬರುವ ಒಂದೇ ಒಂದು ಸೀಟು ಅವನದು. ಅದಕ್ಕಾಗಿ ಪಠಾಣ ಡ್ರೈವರನಿಗೆ ಅಮ್ಮ ಆಗಾಗ ಡಬ್ಬಿ ತುಂಬ ಗೋಳಿಬಜೆ ಕಳಿಸುತ್ತಿದ್ದಳು. ಡಬ್ಬಿ ಹೊತ್ತುಕೊಂಡು ಹೋಗುವವಳು ನಾನು, ನಿಂತುಕೊಂಡು ಪ್ರಯಾಣ ಮಾಡುವವಳೂ ನಾನು.

ಊಟ ಇನ್ನೊಂದು ಅನ್ಯಾಯ. ಕೋರಿ ರೊಟ್ಟಿಯ ಜೀವ ಇರುವುದು ಅದು ಗರಿಗರಿಯಾಗಿರುವುದರಲ್ಲಿ. ತಟ್ಟೆಗೆ ಮುರಿದು ಹಾಕಿ, ಕೋಳಿ ಸಾರು ಹೊಯ್ದು, ಪೂರಾ ನೆನೆಯುವ ಮೊದಲು ತಿನ್ನಬೇಕು. ನಮ್ಮಲ್ಲಿ ಅಮ್ಮ ರೊಟ್ಟಿಯನ್ನು ಪಾತ್ರೆಯಲ್ಲೇ ಸಾರಿಗೆ ಹಾಕಿ, ಮುಚ್ಚಿಟ್ಟು, ಗಂಜಿ ಮಾಡಿಯೇ ಎಲ್ಲರಿಗೂ ಬಡಿಸುತ್ತಿದ್ದಳು. ಅಗಿಯಲಾಗದ ಅಣ್ಣನೊಬ್ಬನಿಗೆ ಬೇರೆ ಮಾಡಿದರೆ ಅವನಿಗೆ ಬೇಜಾರಾಗುತ್ತದಂತೆ. ನನ್ನ ಬೇಜಾರು ಯಾವ ದಿನವೂ ಆ ಊಟದ ಮೇಜಿನವರೆಗೆ ಬರಲಿಲ್ಲ. ನನ್ನ ಬಾಯಲ್ಲಿ ಸಾಲಾಗಿ ಗಟ್ಟಿ ಹಲ್ಲುಗಳಿದ್ದವು, ಅವಕ್ಕೆ ಮನೆಯಲ್ಲಿ ಕೆಲಸವಿರಲಿಲ್ಲ. ಪಕ್ಕದ ಫ್ಲ್ಯಾಟಿನ ಲಿಲ್ಲಿ ಆಂಟಿ ಕ್ರಿಸ್ಮಸ್ಸಿಗೆ ಕುಲ್‌ಕುಲ್ ಕರಿದಾಗ ಅವರ ಅಡಿಗೆಮನೆಯಲ್ಲಿ ನಿಂತು ಕಟಕಟ ಸದ್ದು ಬರುವ ಹಾಗೆ ಕಡಿದು ತಿನ್ನುತ್ತಿದ್ದೆ. “ನಿಧಾನ ಮಾರಾಯ್ತಿ, ಡಬ್ಬ ನುಂಗಬೇಡ,” ಎಂದು ಅವರು ನಗುತ್ತಿದ್ದರು.

ನನಗೆ ವಾದ ಮಾಡಲು ಕಲಿಸಿದ್ದು ಶಾಲೆ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ಬಚ್ಚಲಿನ ಗೀಸರು. ಕುವೈತಿನ ಬೇಸಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ, ತಣ್ಣೀರಿನ ನಲ್ಲಿ ಬಿಟ್ಟರೆ ಕೈ ಸುಡುತ್ತದೆ. ಅದಕ್ಕೆ ಅಲ್ಲಿ ಎಲ್ಲರ ಮನೆಯಲ್ಲೂ ಒಂದು ಉಪಾಯ: ಗೀಸರಿನ ಸ್ವಿಚ್ಚು ಆರಿಸಿಬಿಡುವುದು. ಮನೆಯೊಳಗೆ ತೂಗುವ ಗೀಸರಿನಲ್ಲಿ ನೀರು ನಿಂತು ನಿಂತು ತಣಿಯುತ್ತದೆ, ಬೇಸಗೆಯಲ್ಲಿ ಬಿಸಿನೀರಿನ ನಲ್ಲಿಯಲ್ಲೇ ತಣ್ಣೀರು. ಆದರೆ ಅದು ಒಬ್ಬರ ಸ್ನಾನಕ್ಕೆ ಸಾಕಾಗುವಷ್ಟು ಮಾತ್ರ. ಯಾರ ಸ್ನಾನ ಎಂದು ಹೇಳಬೇಕಾಗಿಲ್ಲ. ಒಂದು ಶುಕ್ರವಾರ ನಾನು ಟವಲು ಹೆಗಲಿಗೆ ಹಾಕಿಕೊಂಡು ಅಪ್ಪನ ಮುಂದೆ ನಿಂತೆ.

“ಅಪ್ಪ, ತಣ್ಣೀರು ಇಬ್ಬರಿಗೂ ಅರ್ಧ ಅರ್ಧ ಆಗಬೇಕು.”

“ಅವನಿಗ್ ಬೆವರ್ ಬತ್ತಿಲ್ಲೆ ಮಗಾ,” ಎಂದರು ಅಪ್ಪ ಪೇಪರಿನಿಂದ ತಲೆ ಎತ್ತದೆ.

“ನನಗೆ ಬರ್ತದೆ. ಬೆವರುವವಳಿಗೆ ಸ್ನಾನ ಬೇಕೋ, ಬೆವರದವನಿಗೆ ಬೇಕೋ?”

ಅಪ್ಪ ಪೇಪರು ಮಡಿಸಿ ನಕ್ಕರು. “ಹ್ವಾಯ್, ಕೇಂಡ್ಯಾ ಇವ್ಳ್ ಮಾತ್? ಇವ್ಳ್ ವಕೀಲ್ತಿ ಆಪ್ದೇ ಸೈ!”

ಅಮ್ಮನೂ ನಕ್ಕಳು. ನಗುತ್ತಲೇ ಅಣ್ಣನನ್ನು ಬಚ್ಚಲಿಗೆ ಕಳಿಸಿ ಬಾಗಿಲು ಎಳೆದಳು. ವಾದದಲ್ಲಿ ಗೆಲ್ಲುವುದಕ್ಕೂ ನೀರು ಸಿಗುವುದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಾದದ್ದು ಆ ದಿನ.

ನನಗೆ ಇದ್ದದ್ದು ಒಂದೇ: ಕೂದಲು. ಸೊಂಟ ದಾಟಿ ಇಳಿಯುತ್ತಿದ್ದ, ದಪ್ಪ, ಕರಿ ಕೂದಲು. ದಿನಾ ಶಾಲೆಯಿಂದ ಬಂದ ಮೇಲೆ ಅಮ್ಮ ನನ್ನನ್ನು ಕಾಲುಗಳ ನಡುವೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಾಚಿ ಎರಡು ಜಡೆ ಹಾಕುತ್ತಿದ್ದಳು. ಅಮ್ಮನ ಎರಡೂ ಕೈಗಳು ಒಟ್ಟಿಗೆ ನನ್ನವಾಗಿರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಸಿಕ್ಕು ಇಲ್ಲದ ದಿನ ನಾನೇ ಬೆರಳಿನಿಂದ ಸಿಕ್ಕು ಮಾಡಿಕೊಂಡು ಬಂದು ಕೂರುತ್ತಿದ್ದೆ. ಒಂದು ವರ್ಷ, ರಜೆಗೆ ಊರಿಗೆ ಹೋದಾಗ ನನಗೆ ಮೊಗ್ಗಿನ ಜಡೆ ಹಾಕಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಜಡೆ ಕಾಣುವ ಹಾಗೆ ಸ್ಟುಡಿಯೋದಲ್ಲಿ ಫೋಟೋ ತೆಗೆಸುತ್ತೇನೆಂದು ಅಜ್ಜಿ ಫೋನಿನಲ್ಲಿ ಮಾತು ಕೊಟ್ಟಿದ್ದರು. ಅಣ್ಣನಿಗೆ ಸಾಧ್ಯವೇ ಇಲ್ಲದ ಒಂದು ಫೋಟೋ. ಆ ಯೋಚನೆ ನನಗೆ ಕೊಡುತ್ತಿದ್ದ ಸುಖವನ್ನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಯಾವ ಕಪ್ಪೂ ಕೊಟ್ಟದ್ದಿಲ್ಲ.

ಅದೇ ವರ್ಷ ಅಣ್ಣನ ಪಾಸ್‌ಪೋರ್ಟು ಹೊಸದು ಮಾಡಿಸಬೇಕಾಗಿ ಬಂತು. ಕುವೈತಿನಲ್ಲಿದ್ದ ನಮ್ಮ ಊರಿನವರ ಯಾವುದೋ ಪೂಜೆಯಲ್ಲಿ ಅಮ್ಮನ ಕಿವಿಗೆ ಯಾರೋ ಒಂದು ಮಾತು ಹಾಕಿದ್ದರು: ಫೋಟೋದಲ್ಲಿ ಹುಡುಗ ಕಾಯಿಲೆಯವನ ಹಾಗೆ ಕಂಡರೆ ಇಕಾಮಾ ಹೊಸದಾಗುವುದಿಲ್ಲ, ಊರಿಗೆ ವಾಪಸು ಕಳಿಸುತ್ತಾರೆ. ಅಂಥ ನಿಯಮ ಎಲ್ಲೂ ಇರಲಿಲ್ಲ. ಇಕಾಮಾ ಎಂಬ ವಾಸದ ಪರವಾನಗಿಯ ವಿಷಯದಲ್ಲಿ ನಮ್ಮವರು ನಂಬದೆ ಬಿಟ್ಟ ಗಾಳಿಸುದ್ದಿಯೇ ಇಲ್ಲ.

“ಯಾರ್ ಹೇಳ್ದದ್ ನಿಂಗೆ?” ಎಂದರು ಅಪ್ಪ.

“ಎಲ್ಲರೂ ಹೇಳ್ತಾರೆ.”

“ಎಲ್ಲರೂ ಅಂದ್ರೆ ಯಾರ್? ಒಂದ್ ಹೆಸ್ರ್ ಹೇಳ್ ಕಾಂಬ.”

“ಹೆಸರು ತಗೊಂಡು ಎಂತ ಮಾಡ್ತೀರಿ? ನಾಳೆ ಅವನನ್ನು ಊರಿಗೆ ಕಳಿಸಿದ್ರೆ? ಅಲ್ಲಿ ಕರೆಂಟು ಹೋದ್ರೆ ಅವನನ್ನು ಯಾರು ನೋಡುದು? ನಿಮ್ಮ ರಿಫೈನರಿಯವರು ಬರ್ತಾರಾ?”

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಉತ್ತರ ಬಾರದ ಪ್ರಶ್ನೆಯನ್ನು ಎರಡನೇ ಸಲ ಕೇಳದೆ ಬಿಡುವುದು ಅವರ ಸ್ವಭಾವ.

ಮುಂದಿನ ಶುಕ್ರವಾರ ಊಟದ ಹೊತ್ತಿಗೆ ಸದಾನಂದ ಮಾಮ ಬಂದರು. ಸಂಬಂಧಿಕರಲ್ಲ; ಹೋಟೆಲೊಂದರಲ್ಲಿ ಕೆಲಸ, ರಜಾದಿನಗಳಲ್ಲಿ ನಮ್ಮವರ ನಾಟಕ, ಯಕ್ಷಗಾನಗಳಿಗೆ ಬಣ್ಣ ಹಚ್ಚುವವರು. ಅಣ್ಣ ಎಂದಿನಂತೆ ಏಸಿ ಕೋಣೆಯಲ್ಲಿ ಮಲಗಿದ್ದ. ಮಾಮ ಹಾಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅಮ್ಮ ನನ್ನನ್ನು ಕರೆದಳು.

“ಬಾ ಶೈಲು, ತಲೆ ಬಾಚ್ತೇನೆ.”

ಬಾಚುವ ಹೊತ್ತು ಅದಲ್ಲ. ಆದರೂ ಖುಷಿಯಿಂದ ಹೋಗಿ ಕೂತೆ. ನೆಲಕ್ಕೆ ಪೇಪರು ಹಾಸಿತ್ತು. ಎಣ್ಣೆ ಬೀಳದಿರಲೆಂದು ಇರಬೇಕು ಎಂದುಕೊಂಡೆ. ಅಮ್ಮ ಅವತ್ತು ಎಷ್ಟು ಚೆನ್ನಾಗಿ ಬಾಚಿದಳೆಂದರೆ ನನಗೆ ನಿದ್ದೆ ಬರುವ ಹಾಗಾಯಿತು. ಒಂದೇ ಜಡೆ ಹಾಕಿ, ಬುಡಕ್ಕೊಂದು ತುದಿಗೊಂದು ರಬ್ಬರು ಬಿಗಿದಳು. ಆಮೇಲೆ ಕಿವಿಯ ಹಿಂದೆ ಕರಕರ ಎಂಬ ಸದ್ದು, ತಲೆ ಇದ್ದಕ್ಕಿದ್ದಂತೆ ಮುಂದಕ್ಕೆ ವಾಲಿತು.

“ಅಮ್ಮಾ! ಎಂತ ಮಾಡಿದ್ದು ನೀನು?”

“ಸೆಕೆಗೆ ತಲೆ ಬೆವರ್ತದಲ್ಲ ನಿನಗೆ. ಅಳ್ಬೇಡ. ಪುನಃ ಬರ್ತದೆ ಮಗಾ, ನಿನಗೆ ಪುನಃ ಬರ್ತದೆ.”

ಸದಾನಂದ ಮಾಮ ಎದ್ದು ಬಂದು ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿದರು. “ಅಬ್ಬಾ, ಒಳ್ಳೆ ಮಾಲು ಅಕ್ಕ! ಬೊಂಬಾಯಿಯಲ್ಲೂ ಸಿಕ್ಕುದಿಲ್ಲ ಇಂಥದ್ದು.”

ಇದು ಕೊಡುವುದಾದರೆ, ಮೀನೂ ಬಲೆಗೆ ತನ್ನನ್ನು ಕೊಡುತ್ತದೆ. ನಿನಗೆ ಪುನಃ ಬರುತ್ತದೆ ಎಂಬ ಅಮ್ಮನ ಮಾತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆ ಮನೆಯಲ್ಲಿ ನನ್ನಿಂದ ಏನನ್ನು ತೆಗೆದುಕೊಳ್ಳುವಾಗಲೂ ಸಮರ್ಥನೆ ಅದೇ ಆಗಿತ್ತು. ನೀರಾಗಲಿ ಸೀಟಾಗಲಿ, ಅಮ್ಮನ ಸಮಯವಾಗಲಿ, ನನಗೆ ಪುನಃ ಬರುತ್ತದೆ. ಸರಿಯಾದ ಮೈ ಇರುವುದೇ ನನ್ನ ವಿರುದ್ಧದ ಸಾಕ್ಷಿಯಾಗಿತ್ತು.

ಮಾಮ ಒಂದು ನೈಲಾನ್ ಕಾಲುಚೀಲದ ಮೇಲೆ ನನ್ನ ಕೂದಲನ್ನು ಎಳೆಎಳೆಯಾಗಿ ಗಂಟು ಹಾಕಿ, ಹುಡುಗರ ಕ್ರಾಪಿಗೆ ಕತ್ತರಿಸಿ, ವಿಗ್ ಮಾಡಿ ತಂದರು. ಅಂಟು ಹಚ್ಚಿ ಅಣ್ಣನ ತಲೆಗೆ ಕೂರಿಸಿ, ಪೆನ್ಸಿಲಿನಿಂದ ಹುಬ್ಬು ಬರೆದರು. ಅವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಶೈಲು, ಐ ಲುಕ್ ಲೈಕ್ ಯೂ,” ಎಂದ. ಅದು ನಿಜವಾಗಿತ್ತು, ಆದ್ದರಿಂದಲೇ ನಾನು ಅಲ್ಲಿಂದ ಎದ್ದು ಹೋದೆ. ಫೋಟೋ ಚೆನ್ನಾಗಿ ಬಂತು, ಪಾಸ್‌ಪೋರ್ಟು ಬಂತು. ಆದರೆ ಅಮ್ಮ ಒಂದು ಸಂಗತಿಯನ್ನು ಯೋಚಿಸಿರಲಿಲ್ಲ: ಫೋಟೋದಲ್ಲಿ ಕೂದಲಿರುವ ಹುಡುಗ ಇನ್ನು ಮುಂದೆ ವಿಮಾನ ಹತ್ತಬೇಕಾದಾಗಲೆಲ್ಲ ಕೂದಲಿಟ್ಟುಕೊಂಡೇ ಬರಬೇಕು.

ಹಾಗೆ ಆ ರಜೆಗೆ ನಾವು ನಾಲ್ವರು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತೆವು. ಅಣ್ಣನ ತಲೆಯ ಮೇಲೆ ನನ್ನ ಕೂದಲು, ಅಂಗಿಯೊಳಗೆ ಕರಗುತ್ತಿದ್ದ ಬನಿಯನ್. ಅಮ್ಮ ಬಾಯೊಳಗೇ ದೇವರ ಹೆಸರು ಹೇಳುತ್ತಿದ್ದಳು. ಅಧಿಕಾರಿ ಅಣ್ಣನ ಮುಖ ನೋಡಿದ, ಫೋಟೋ ನೋಡಿದ, ಠಸ್ಸೆ ಒತ್ತಿದ. ಅಮ್ಮ ಉಸಿರು ಬಿಟ್ಟಳು. ಆಮೇಲೆ ಅವನು ನನ್ನ ಪಾಸ್‌ಪೋರ್ಟು ತೆರೆದ. ಅದರಲ್ಲಿ ಎರಡು ಜಡೆ, ಎರಡು ರಿಬ್ಬನ್ನಿನ ಹುಡುಗಿ. ಎದುರಿಗೆ ಕಿವಿಯವರೆಗೂ ಕ್ರಾಪು, ಅಣ್ಣನ ಹಳೆ ಪ್ಯಾಂಟು.

“ಬಿಂತ್? ವಲದ್?” ಹುಡುಗಿಯೋ, ಹುಡುಗನೋ ಎಂದು ಕೇಳುತ್ತಿದ್ದ.

“ಬಿಂತ್, ಬಿಂತ್,” ಎಂದರು ಅಪ್ಪ ಗಾಬರಿಯಲ್ಲಿ.

ಅವನು ಪಕ್ಕದ ಕೌಂಟರಿನವನನ್ನು ಕರೆದ. ಇಬ್ಬರೂ ಫೋಟೋವನ್ನೂ ನನ್ನನ್ನೂ ತಿರುತಿರುಗಿ ನೋಡಿ ನಕ್ಕರು. ಶಾಲೆಯಲ್ಲಿ ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತಾಡುತ್ತಿದ್ದ ನನಗೆ, ನಾನು ನಾನೇ ಎಂದು ಸಾಧಿಸಲು ಒಂದು ಮಾತೂ ಬರಲಿಲ್ಲ. ಆಗ ಅಣ್ಣ ಮುಂದೆ ಬಂದ. ಹಣೆಯ ಮೇಲೆ ಬಿದ್ದ ಕೂದಲನ್ನು ಹುಟ್ಟಿನಿಂದಲೇ ಅಭ್ಯಾಸವಿದ್ದವನ ಹಾಗೆ ತಲೆ ಕೊಡವಿ ಹಿಂದಕ್ಕೆ ಸರಿಸಿದ.

“ಸರ್, ಶೀ ಈಸ್ ಮೈ ಸಿಸ್ಟರ್. ಶೀ ವಾಸ್ ವೆರಿ ಸಿಕ್. ಆಲ್ ಹೇರ್ ಖಲಾಸ್.”

ಅಧಿಕಾರಿಯ ಮುಖ ಮೆತ್ತಗಾಯಿತು. ನನ್ನ ಕೆನ್ನೆ ತಟ್ಟಿ, ಠಸ್ಸೆ ಒತ್ತಿ, ಅಣ್ಣನಿಗೆ ಒಂದು ಚಾಕಲೇಟು ಕೊಟ್ಟ.

ನಟನಾದದ್ದು ಅಲ್ಲಿಂದ ಎಂದು ಅವನು ಹೇಳುವುದರಲ್ಲಿ ಅಷ್ಟು ಮಾತ್ರ ನನಗೆ ಒಪ್ಪಿಗೆ. ಆ ಒಂದು ಸಲ ತಲೆ ಕೊಡವಿದ್ದರಲ್ಲಿ ಎಲ್ಲವೂ ಇತ್ತು. ನನ್ನ ಕೂದಲು ಅವನದಾಯಿತು, ಅವನ ಕಾಯಿಲೆ ನನ್ನದಾಯಿತು. ವಿಮಾನದಲ್ಲಿ ಅಮ್ಮ ಅವನನ್ನು ಎದೆಗೊತ್ತಿಕೊಂಡು, “ಎಷ್ಟು ಚಂದ ಹೇಳಿದಿ ನನ್ನ ಚಿನ್ನ, ತಂಗಿಯನ್ನು ಕಾಪಾಡಿದಿ,” ಎನ್ನುತ್ತಿದ್ದಳು. ಊರಿನಲ್ಲಿ ಅಜ್ಜಿ ತರಿಸಿಟ್ಟಿದ್ದ ಮಲ್ಲಿಗೆಯ ಮೊಗ್ಗುಗಳನ್ನು ದೊಡ್ಡಮ್ಮನ ಮಗಳ ಜಡೆಗೆ ಹಾಕಿ ಫೋಟೋ ತೆಗೆಸಿದರು. ಸ್ಟುಡಿಯೋದವನು ನನ್ನನ್ನು ನೋಡಿ, “ತಮ್ಮನನ್ನೂ ನಿಲ್ಲಿಸುದಾ?” ಎಂದು ಕೇಳಿದ.

ಆ ಪಾಸ್‌ಪೋರ್ಟು ಇದ್ದಷ್ಟು ಕಾಲ ಪ್ರತಿ ಪ್ರಯಾಣಕ್ಕೂ ಸದಾನಂದ ಮಾಮ ಬರಬೇಕಾಯಿತು. ಹಾಗೆ ಬಂದವರೇ ಒಂದು ದಿನ ಅಣ್ಣನ ಹಣೆಯನ್ನು ಉಜ್ಜಿ ನೋಡಿ ಅಪ್ಪನಿಗೆ ಹೇಳಿದರು: “ಇವನ ಮುಖಕ್ಕೆ ಅಂಟಿಸಿದ್ದು ನಾವಾಗಿ ತೆಗೆಯುವವರೆಗೆ ಹೋಗುದಿಲ್ಲ ಮಾರಾಯ್ರೆ. ನಮ್ಮ ವೇಷದವರಿಗೆ ಎರಡು ಪದ್ಯ ಆಗುವಾಗ ಮೂಗಿನಿಂದ ಬಣ್ಣ ಇಳೀತದೆ!” ಅವನ ಮುಖ ನೋಡಿದರೇ ಭಯವಾಗುತ್ತದೆ, ಅದಕ್ಕೇ ಭಯದ ಸಿನಿಮಾಗಳಿಗೆ ಕರೆದರು ಎನ್ನುತ್ತಾರಲ್ಲ, ಅದೂ ತಪ್ಪು. ಮೇಕಪ್ಪಿನವರಿಗೆ ಅವನು ಬೇಕಾದದ್ದು ಅಂಟಿನ ಕಾರಣಕ್ಕೆ. ಬೆವರದ, ರೋಮವಿಲ್ಲದ ಚರ್ಮ. ಅದರ ಮೇಲೆ ಯಾವ ಮುಖವನ್ನಾದರೂ ಕೂರಿಸಬಹುದು. ಜೊತೆಗೆ ಅಲುಗಾಡಿದರೆ ಮೈ ಕಾಯುತ್ತದೆಂದು ಚಿಕ್ಕಂದಿನಿಂದ ಕಲ್ಲಿನ ಹಾಗೆ ಕೂತು ಅಭ್ಯಾಸ. ಹೆಣವಾಗಿ ಮಲಗಿದರೆ ಎದೆ ಏರಿ ಇಳಿಯುವುದು ಕ್ಯಾಮೆರಾಕ್ಕೂ ಕಾಣುವುದಿಲ್ಲ. ಊರಿನವರ ನಾಟಕದ ಪ್ರೇತದಿಂದ ಶುರುವಾಗಿ, ಸದಾನಂದ ಮಾಮನ ಪರಿಚಯದ ಮೇಕಪ್ಪಿನವರೊಬ್ಬರ ಮೂಲಕ ಮುಂಬೈಗೆ ಹೋಗಿ, ವರ್ಷಕ್ಕೆ ಎರಡೋ ಮೂರೋ ಸಿನಿಮಾದಲ್ಲಿ ಹೆಸರಿಲ್ಲದ ಪಾತ್ರಗಳನ್ನು ಮಾಡುತ್ತ, ಕೊನೆಗೆ ಜನ ಗುರುತಿಸುವ ಮಟ್ಟಕ್ಕೆ ಬಂದ. ಅವನಿಗೆ ಇಲ್ಲದ್ದೆಲ್ಲ ಅವನಿಗೆ ಕೆಲಸ ಕೊಟ್ಟಿತು. ನನಗೆ ಇದ್ದ ಮಾತಿಗೆ ಕಪ್ಪುಗಳು ಬಂದವು. ಅವುಗಳಲ್ಲಿ ದೊಡ್ಡದರೊಳಗೆ ಅಮ್ಮ ಅವನ ಮೇಕಪ್ಪಿನ ಬ್ರಷ್‌ಗಳನ್ನು ನಿಲ್ಲಿಸಿಟ್ಟಳು. ಅಪ್ಪ ನಿವೃತ್ತರಾದ ಮೇಲೆ ಇಬ್ಬರೂ ಅವನ ಜೊತೆಗೇ ಮುಂಬೈ ಸೇರಿದರು. ನಾನು ಕುವೈತಿನಲ್ಲೇ, ಮಂಗಫ್‌ನಲ್ಲಿ ಒಂದು ಕೋಣೆ ಮಾಡಿಕೊಂಡು ಕೆಲಸದಲ್ಲಿ ಉಳಿದೆ.

ಈ ಕತೆ ಮೊದಲ ಸಲ ಸಂದರ್ಶನದಲ್ಲಿ ಬಂದ ದಿನವೇ ಅವನಿಗೆ ಫೋನ್ ಮಾಡಿದೆ.

“ಅಣ್ಣ, ಜಡೆ ನಾನು ಕೊಟ್ಟದ್ದಾ?”

“ಮತ್ತೆ?” ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. “ಅಮ್ಮ ಹೇಳಿದ್ದು ಹಾಗೇ ಅಲ್ವಾ? ನೀನೇ ಬಂದು ಕೂತು, ಅಣ್ಣನಿಗೆ ಕೊಡು ಅಂತ ಹೇಳಿದೆ ಅಂತ.”

“ನೀನು ನೋಡಿದ್ದಾ?”

“ನಾನು ಒಳಗೆ ಇದ್ದೆ ಶೈಲು. ಬಾಗಿಲು ಮುಚ್ಚಿತ್ತು. ಏಸಿ ಅಲ್ವಾ?”

ನಾನು ಫೋನ್ ಇಟ್ಟೆ. ಇಷ್ಟು ವರ್ಷ ತಪ್ಪು ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟೆನೆ? ಇಲ್ಲ. ಹೊಟ್ಟೆಕಿಚ್ಚು ಸರಿಯಾದ ಮನುಷ್ಯನ ಮೇಲೇ ಇತ್ತು, ಈಗಲೂ ಇದೆ. ದೂರು ಮಾತ್ರ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು.

ರಜೆ ಹಾಕಿ ಮುಂಬೈಗೆ ಹೋದೆ. ಊರಾಚೆಯ ಒಂದು ಮುಚ್ಚಿದ ಕಾರ್ಖಾನೆಯಲ್ಲಿ ಬೆಳಗಿನ ಶೂಟಿಂಗು. ಅವನಿಗಾಗಿ ಒಂದು ಮೂಲೆಯಲ್ಲಿ ಏಸಿ, ಐಸಿನ ಪೆಟ್ಟಿಗೆ, ಅದರೊಳಗೆ ಬನಿಯನ್‌ಗಳು. ಅವನು ತಣಿಯುವವರೆಗೆ ನಾಯಕಿಯೂ ಕಾಯಬೇಕು. ಫರ್ವಾನಿಯಾದ ನಮ್ಮ ಫ್ಲ್ಯಾಟನ್ನೇ ಎತ್ತಿ ತಂದು ಅಲ್ಲಿಟ್ಟ ಹಾಗಿತ್ತು. ಆ ಸಿನಿಮಾದಲ್ಲಿ ಅವನದು ನೀರಿಗೆ ಬಿದ್ದು ಸತ್ತ ಹೆಂಗಸಿನ ಪ್ರೇತ. ಮೊಣಕಾಲಿನವರೆಗೆ ಇಳಿಯುವ ಕೂದಲು. ಅವನು ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದ, ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತು ಆ ಕೂದಲನ್ನು ಬಾಚುತ್ತಿದ್ದಳು. ಎರಡೂ ಕೈಗಳಿಂದ.

“ಬಂದ್ಯಾ? ತಿಂಡಿ ಆಯ್ತಾ?” ಎಂದಳು ಬಾಚಣಿಗೆ ನಿಲ್ಲಿಸದೆ. “ನೋಡು ಎಷ್ಟು ಸಿಕ್ಕು. ಇಲ್ಲಿನವರಿಗೆ ಬಾಚ್ಲಿಕ್ಕೇ ಬರುದಿಲ್ಲ.”

ಶಾಟಿಗೆ ಕರೆ ಬಂದು ಅಣ್ಣ ಎದ್ದು ಹೋಗುವವರೆಗೆ ನಾನು ಕಾದೆ.

“ಅಮ್ಮ, ಜಡೆ ನಾನೇ ಕೊಟ್ಟದ್ದು ಅಂತ ಅವನಿಗೆ ನೀನು ಹೇಳಿದ್ದಾ?”

“ಮತ್ತೆ ಎಂತ ಹೇಳುದು? ನಿನ್ನಿಂದ ಕಿತ್ಕೊಂಡದ್ದು ಅಂತ ಹೇಳಿದ್ರೆ ಅವನು ತಲೆಗೆ ಹಾಕಿಕೊಳ್ತಿದ್ದನಾ?”

ಒಳ್ಳೆಯ ಉತ್ತರ. ಅಂಕ ಕೊಡಬೇಕಾದ ಉತ್ತರ.

“ನಿನ್ನನ್ನು ಒಳ್ಳೆಯವಳು ಮಾಡಿದ್ದಲ್ವಾ ನಾನು? ಈಗ ಇಡೀ ಲೋಕ ನಿನ್ನನ್ನು ಹೊಗಳ್ತದೆ. ಇನ್ನೂ ಎಂತ ಬೇಕು ನಿನಗೆ?”

ಹಾಗೆ ಹೇಳಿ ಅಮ್ಮ ಬಾಚಣಿಗೆಯನ್ನು ಮಡಿಲಲ್ಲಿಟ್ಟು, ಸಡಿಲವಾಗಿದ್ದ ತನ್ನ ತುರುಬನ್ನು ಬಿಚ್ಚಿದಳು. ಕೂದಲು ಕುರ್ಚಿಯ ಬೆನ್ನು ದಾಟಿ ಕೆಳಗೆ ಇಳಿಯಿತು. ಬಿಳಿಯಾಗಿತ್ತು, ಆದರೆ ಈಗಲೂ ಉದ್ದ, ಈಗಲೂ ದಪ್ಪ. ಆ ಶುಕ್ರವಾರದ ಒಂದು ಸಂಗತಿ ನನಗೆ ಆಗ ನೆನಪಾಯಿತು. ಕತ್ತರಿಗೆ ಅಡ್ಡ ಬರುತ್ತದೆಂದು ನಾನು ಕೂರುವ ಮೊದಲೇ ಅಮ್ಮ ತನ್ನ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡಿದ್ದಳು. ನನ್ನದಕ್ಕಿಂತ ಉದ್ದವಾದ ಜಡೆ. ಯಾವ ಫೋಟೋಕ್ಕೂ ಕಾಯುತ್ತಿರದಿದ್ದ ಜಡೆ. ಅಪ್ಪ ಅದನ್ನು ಕೇಳಲಿಲ್ಲ, ಸದಾನಂದ ಮಾಮ ಕೇಳಲಿಲ್ಲ, ಇಷ್ಟು ವಾದ ಮಾಡಿದ ನಾನೂ ಕೇಳಿರಲಿಲ್ಲ.

“ಅಮ್ಮ,” ಎಂದೆ, “ನಿನ್ನದನ್ನು ಯಾಕೆ ಕತ್ತರಿಸಲಿಲ್ಲ?”